ಸಾಧಾರಣ ಬೂಸ್ಟಿನ ಟರ್ಬೊ ಎಂಜಿನ್ನಿಗೆ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ಅಳವಡಿಸುವ ಕ್ರಮ

ಟರ್ಬೊ ಇಲ್ಲದೆ ಬಂದ ಎಂಜಿನ್ನಿಗೆ ಹೊಸದಾಗಿ ಟರ್ಬೊ, ಅಂದರೆ ಎಕ್ಸಾಸ್ಟಿನ ಅನಿಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಕೂರಿಸುವವರು ಇಂಟರ್‌ಕೂಲರಿನ ಅಳತೆ, ಇಂಜೆಕ್ಟರಿನ ಸಾಮರ್ಥ್ಯ, ಇಗ್ನಿಷನ್ ಟೈಮಿಂಗ್ ಇವುಗಳ ಲೆಕ್ಕಾಚಾರಕ್ಕೆ ವಾರಗಟ್ಟಲೆ ಸಮಯ ಕೊಡುತ್ತಾರೆ. ಎಂಜಿನ್ನಿನ ತಲೆಯನ್ನು ಮುಚ್ಚುವ ಟ್ಯಾಪೆಟ್ ಕವರಿನಿಂದ ಹೊರಡುವ ಎರಡು ರಬ್ಬರ್ ಹೋಸುಗಳ ಸರದಿ ಮಾತ್ರ ಎಲ್ಲ ಮುಗಿದ ಮೇಲೆ ಬರುತ್ತದೆ, ಅವನ್ನು ಜಾಗ ಕಂಡಲ್ಲಿ ಸಿಕ್ಕಿಸಿ ಬಾನೆಟ್ ಮುಚ್ಚಲಾಗುತ್ತದೆ. ಕೆಲವೇ ದಿನಗಳಲ್ಲಿ ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದು ಬರುವುದು, ಕ್ರ್ಯಾಂಕ್ ಸೀಲಿನ ಸುತ್ತ ಆಯಿಲ್ ಜಿನುಗುವುದು, ಸೈಲೆನ್ಸರಿನಿಂದ ನೀಲಿ ಹೊಗೆ ಏಳುವುದು ಆರಂಭವಾದರೆ ಅಪವಾದ ಬರುವುದು ಟರ್ಬೊವಿನ ಮೇಲೆ. ಇಂಥ ಎಷ್ಟೋ ಸಂದರ್ಭಗಳಲ್ಲಿ ಟರ್ಬೊವಿಗೆ ಏನೂ ಆಗಿರುವುದಿಲ್ಲ. ಕ್ರ್ಯಾಂಕ್‌ಕೇಸಿನೊಳಗೆ, ಅಂದರೆ ಪಿಸ್ಟನ್ನುಗಳ ಕೆಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೋಣೆಯೊಳಗೆ, ಸೇರಿಕೊಂಡ ಅನಿಲಕ್ಕೆ ಹೊರಹೋಗಲು ಸರಿಯಾದ ದಾರಿ ಇರುವುದಿಲ್ಲ, ಅಷ್ಟೆ.

ಇಲ್ಲಿ ಹೇಳುವ ಕ್ರಮ ಸುಮಾರು 0.4ರಿಂದ 0.7 ಬಾರ್ ಬೂಸ್ಟಿನಲ್ಲಿ (ಟರ್ಬೊ ವಾತಾವರಣದ ಒತ್ತಡದ ಮೇಲೆ ಹೆಚ್ಚುವರಿಯಾಗಿ ಕೊಡುವ ಗಾಳಿಯ ಒತ್ತಡವೇ ಬೂಸ್ಟ್), ದಿನನಿತ್ಯ ರಸ್ತೆಯ ಮೇಲೆ ಓಡುವ ಪೆಟ್ರೋಲ್ ಎಂಜಿನ್ನಿಗೆ ಅನ್ವಯಿಸುತ್ತದೆ. ರೇಸಿಗೆಂದೇ ಕಟ್ಟಿದ ಎಂಜಿನ್ನುಗಳಲ್ಲಿ ವ್ಯಾಕ್ಯೂಮ್ ಪಂಪು, ಡ್ರೈ ಸಂಪ್ ಮುಂತಾದ ಬೇರೆ ಏರ್ಪಾಡುಗಳಿರುವುದರಿಂದ ಅವುಗಳ ವಿಚಾರ ಇಲ್ಲಿಲ್ಲ.

ಮೊದಲು ಅರ್ಥಮಾಡಿಕೊಳ್ಳಬೇಕಾದ ಎರಡು ಸ್ಥಿತಿಗಳು

ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ದಹನದ ಅನಿಲದಲ್ಲಿ ಸ್ವಲ್ಪ ಭಾಗ ರಿಂಗಿನ ತುದಿಗಳ ನಡುವಿನ ಸಂದಿನಿಂದ ಕೆಳಗಿಳಿದು ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಬ್ಲೋಬೈ ಎಂದು ಕರೆಯಲಾಗುವ ಈ ಅನಿಲದಲ್ಲಿ ಸುಡದ ಪೆಟ್ರೋಲಿನ ಆವಿ, ನೀರಾವಿ, ಇಂಗಾಲದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು ಬೆರೆತಿರುತ್ತವೆ. ಇದು ಒಳಗೇ ಉಳಿದರೆ ನೀರಾವಿ ತಣಿದು ಆಯಿಲಿನೊಡನೆ ಕಲೆತು ಕೆಸರಾಗುತ್ತದೆ, ಆಮ್ಲಾಂಶ ಬೇರಿಂಗುಗಳನ್ನು ತಿನ್ನುತ್ತದೆ, ಏರಿದ ಒತ್ತಡ ಸೀಲು ಮತ್ತು ಗ್ಯಾಸ್ಕೆಟ್ಟುಗಳನ್ನು ಹೊರಕ್ಕೆ ತಳ್ಳುತ್ತದೆ. ಹಿಂದೆ ಎಂಜಿನ್ನಿನಿಂದ ರಸ್ತೆಯತ್ತ ಇಳಿಬಿಟ್ಟ ಒಂದು ಕೊಳವೆಯ ಮೂಲಕ ಇದನ್ನು ಗಾಳಿಗೆ ಬಿಡುತ್ತಿದ್ದರು. ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್, ಅಂದರೆ ಪಿಸಿವಿ, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯವಾಯಿತು. ಹೊಗೆ ಕಡಿಮೆ ಮಾಡಲು ಬಂದ ಈ ಏರ್ಪಾಡು ಆಯಿಲಿನ ಆಯುಸ್ಸನ್ನೂ ಹೆಚ್ಚಿಸಿತು.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ವಾತಾವರಣದ ಒತ್ತಡವನ್ನು ಮೀರುವುದಿಲ್ಲ. ಐಡ್ಲಿಂಗಿನಲ್ಲಿ ಅದು ವಾತಾವರಣಕ್ಕಿಂತ 60ರಿಂದ 70 ಕಿಲೋಪಾಸ್ಕಲ್‌ನಷ್ಟು ಕೆಳಗಿರುತ್ತದೆ, ಆಕ್ಸಲರೇಟರ್ ಪೂರ್ತಿ ಒತ್ತಿದಾಗ ವಾತಾವರಣದ ಮಟ್ಟಕ್ಕೆ ಹತ್ತಿರವಾಗುತ್ತದೆ. ಆದಕಾರಣ ಕ್ರ್ಯಾಂಕ್‌ಕೇಸಿನ ಅನಿಲವನ್ನು ಪಿಸಿವಿ ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ ಎಳೆದುಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಟರ್ಬೊ ಬಂದೊಡನೆ ಈ ಚಿತ್ರ ಬದಲಾಗುತ್ತದೆ. ನಿಧಾನವಾಗಿ ಓಡಿಸುವಾಗ ಮ್ಯಾನಿಫೋಲ್ಡ್ ಎಂದಿನಂತೆ ಎಳೆಯುತ್ತದೆ, ಆದರೆ ಬೂಸ್ಟ್ ಏರಿದ ಕ್ಷಣದಿಂದ ಅದೇ ಮ್ಯಾನಿಫೋಲ್ಡ್ ತಳ್ಳಲು ಆರಂಭಿಸುತ್ತದೆ. ಬ್ಲೋಬೈ ಅತಿ ಹೆಚ್ಚಾಗಿ ಉತ್ಪತ್ತಿಯಾಗುವುದೂ ಆಗಲೇ. ಅನಿಲವನ್ನು ಹೊರಗೆಳೆಯುವ ಶಕ್ತಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಹಳೆಯ ದಾರಿ ಮುಚ್ಚಿಹೋಗುತ್ತದೆ.

ಆದ್ದರಿಂದ ಹಾಳೆಯ ಮೇಲೆ ಎಂಜಿನ್, ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ, ಇಂಟರ್‌ಕೂಲರ್, ಟರ್ಬೊ, ಏರ್ ಫಿಲ್ಟರ್ ಇವನ್ನೆಲ್ಲ ಬರೆದು, ಹೋಸುಗಳ ಚಿತ್ರವನ್ನು ಎರಡು ಬಾರಿ ಬಿಡಿಸಿಕೊಳ್ಳಿ: ಒಂದು ಐಡ್ಲಿಂಗಿನ ಸ್ಥಿತಿಗೆ, ಇನ್ನೊಂದು ಪೂರ್ಣ ಬೂಸ್ಟಿನ ಸ್ಥಿತಿಗೆ. ಪ್ರತಿ ಹೋಸಿನ ಪಕ್ಕದಲ್ಲೂ ಗಾಳಿ ಯಾವ ಕಡೆಗೆ ಹರಿಯುತ್ತದೆಂದು ಬಾಣ ಹಾಕಿ. ಮೊದಲ ಚಿತ್ರದಲ್ಲಿ ಏರ್ ಫಿಲ್ಟರಿನಿಂದ ಶುದ್ಧವಾದ ಗಾಳಿ ಎಂಜಿನ್ನಿನ ಉಸಿರುಕೊಳವೆಯಾದ ಬ್ರೀದರ್ ಹೋಸಿನ ಮೂಲಕ ಎಂಜಿನ್ನಿನೊಳಗೆ ಇಳಿದು, ಬ್ಲೋಬೈಯನ್ನು ಸೇರಿಸಿಕೊಂಡು ಪಿಸಿವಿ ಮೂಲಕ ಮ್ಯಾನಿಫೋಲ್ಡಿಗೆ ಹೋಗಬೇಕು. ಎರಡನೆಯ ಚಿತ್ರದಲ್ಲಿ ಪಿಸಿವಿಯ ದಾರಿ ಪೂರ್ತಿ ಮುಚ್ಚಿರಬೇಕು, ಬ್ರೀದರ್ ಹೋಸಿನಲ್ಲಿ ಹರಿವು ತಿರುಗಿ, ಎಂಜಿನ್ನಿನಿಂದ ಟರ್ಬೊವಿನ ಬಾಯಿಯತ್ತ ಅನಿಲ ಹೋಗಬೇಕು. ನೀವು ಯೋಚಿಸಿದ ಜೋಡಣೆ ಎರಡು ಚಿತ್ರಗಳಲ್ಲೂ ಸರಿಹೋದರೆ ಮಾತ್ರ ಮುಂದಕ್ಕೆ ಹೋಗಿ. ನಾನು ಕಂಡ ಬಹುತೇಕ ಕೆಟ್ಟ ಜೋಡಣೆಗಳು ಒಂದು ಚಿತ್ರದಲ್ಲಿ ಅಚ್ಚುಕಟ್ಟಾಗಿಯೇ ಇದ್ದವು, ಇನ್ನೊಂದು ಚಿತ್ರವನ್ನು ಯಾರೂ ಬಿಡಿಸಿರಲಿಲ್ಲ.

ಎಂಜಿನ್ನಿನ ಆರೋಗ್ಯ ತಪಾಸಣೆ

ಸವೆದ ರಿಂಗುಗಳ ಕಾಯಿಲೆಯನ್ನು ಹೋಸುಗಳಿಂದ ವಾಸಿ ಮಾಡಲಾಗದು. ಕೆಲಸಕ್ಕೆ ಕೈಹಾಕುವ ಮೊದಲು ಕಂಪ್ರೆಷನ್ ಪರೀಕ್ಷೆ ಮತ್ತು ಲೀಕ್‌ಡೌನ್ ಪರೀಕ್ಷೆ ಎರಡನ್ನೂ ಮಾಡಿಸಿ. ಲೀಕ್‌ಡೌನ್ ಪರೀಕ್ಷೆಯಲ್ಲಿ ಸಿಲಿಂಡರಿಗೆ ಗಾಳಿ ತುಂಬಿಸಿ ಸೋರಿಕೆಯ ಪ್ರಮಾಣ ನೋಡುತ್ತಾರೆ. ಸೋರಿಕೆ ಶೇಕಡಾ 10ರೊಳಗಿದ್ದರೆ ಎಂಜಿನ್ ಚೆನ್ನಾಗಿದೆ, ಶೇಕಡಾ 20 ದಾಟಿದ್ದರೆ ಟರ್ಬೊವಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡುವುದು ಲೇಸು. ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಕಿವಿಯಿಂದಲೇ ತಿಳಿಯಬಹುದು. ಆಯಿಲ್ ತುಂಬುವ ಬಾಯಿಯಲ್ಲಿ ಅಥವಾ ಡಿಪ್‌ಸ್ಟಿಕ್ ಕೊಳವೆಯಲ್ಲಿ ಸುಯ್ಯೆಂಬ ಸದ್ದು ಕೇಳಿದರೆ ಅದು ರಿಂಗುಗಳ ಸೋರಿಕೆ. ಏರ್ ಫಿಲ್ಟರಿನ ಕಡೆ ಕೇಳಿದರೆ ಇಂಟೇಕ್ ವಾಲ್ವ್, ಸೈಲೆನ್ಸರಿನ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವ್.

ಎಂಜಿನ್ ಬಿಚ್ಚಿ ಹೊಸ ರಿಂಗು ಹಾಕಿಸುತ್ತಿದ್ದರೆ, ಟರ್ಬೊ ಬಳಕೆಗೆ ಪಿಸ್ಟನ್ ತಯಾರಕರು ಹೇಳಿದ ಸಂದನ್ನೇ ಇಡಿಸಿ. ಬ್ಲೋಬೈ ಕಡಿಮೆಯಾಗಲೆಂದು ಸಂದನ್ನು ಬಿಗಿಮಾಡಿದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ನೇ ಒಡೆಯಬಹುದು. ಸ್ವಲ್ಪ ಹೆಚ್ಚಿನ ಬ್ಲೋಬೈಯನ್ನು ಒಪ್ಪಿಕೊಂಡು ಅದಕ್ಕೆ ಸರಿಯಾದ ದಾರಿ ಮಾಡಿಕೊಡುವುದೇ ಜಾಣತನ.

ಅನಿಲ ಎಲ್ಲಿಂದ ಹೊರಡಬೇಕು

ಹೆಚ್ಚಿನ ಎಂಜಿನ್ನುಗಳಲ್ಲಿ ಟ್ಯಾಪೆಟ್ ಕವರಿನ ಮೇಲೆ ಎರಡು ನಿಪ್ಪಲ್ಲುಗಳಿರುತ್ತವೆ, ಒಂದು ಪಿಸಿವಿ ವಾಲ್ವಿನದು, ಇನ್ನೊಂದು ಬ್ರೀದರಿನದು. ಕೆಲವದರಲ್ಲಿ ಪಿಸಿವಿ ಎಂಜಿನ್ ಬ್ಲಾಕಿನ ಮಗ್ಗುಲಲ್ಲಿ, ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುತ್ತದೆ. ಕವರನ್ನು ಬಿಚ್ಚಿ ತಲೆಕೆಳಗಾಗಿಟ್ಟು ನಿಪ್ಪಲ್ಲುಗಳ ಅಡಿಯಲ್ಲಿ ಏನಿದೆಯೆಂದು ನೋಡಿ. ಅಲ್ಲಿ ಒಂದು ತಗಡಿನ ತಡೆ, ಅಂದರೆ ಬ್ಯಾಫಲ್, ಇರಲೇಬೇಕು. ಕ್ಯಾಮ್‌ಶಾಫ್ಟಿನ ಲೋಬುಗಳು ಎರಚುವ ಆಯಿಲ್ ನೇರವಾಗಿ ನಿಪ್ಪಲ್ಲಿಗೆ ಹೋಗದಂತೆ ತಡೆಯುವುದು ಇದರ ಕೆಲಸ. ಅನಿಲವು ಈ ತಗಡನ್ನು ಸುತ್ತಿ ಬರುವಾಗ ಆಯಿಲಿನ ಹನಿಗಳು ಅದಕ್ಕೆ ಬಡಿದು ಕೆಳಗೆ ಇಳಿಯುತ್ತವೆ. ಬ್ಯಾಫಲಿನಲ್ಲಿ ಆಯಿಲ್ ಬಸಿದುಹೋಗಲು ಬಿಟ್ಟ ಸಣ್ಣ ರಂಧ್ರಗಳು ಹಳೆಯ ಎಂಜಿನ್ನುಗಳಲ್ಲಿ ಕಪ್ಪು ಜಿಡ್ಡಿನಿಂದ ಮುಚ್ಚಿರುವುದು ಸಾಮಾನ್ಯ. ಅವನ್ನು ತಂತಿಯಿಂದ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ.

ನಿಪ್ಪಲ್ಲಿನ ರಂಧ್ರ ಚಿಕ್ಕದೆನಿಸಿ ಹೊಸದೊಂದನ್ನು ಕೂರಿಸುವವರು ಬ್ಯಾಫಲ್ ಇಲ್ಲದ ಜಾಗದಲ್ಲಿ ಕೊರೆಯುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಮುಂದೆ ಎಷ್ಟು ದೊಡ್ಡ ಕ್ಯಾಚ್ ಕ್ಯಾನ್ (ಅನಿಲದಿಂದ ಆಯಿಲನ್ನು ಬೇರ್ಪಡಿಸಿ ಹಿಡಿಯುವ ಡಬ್ಬಿ) ಇಟ್ಟರೂ ಅದು ತುಂಬುತ್ತಲೇ ಇರುತ್ತದೆ. ಹೊಸ ನಿಪ್ಪಲ್ ಬೇಕಾದರೆ ಅದರಡಿಗೆ ತಗಡಿನ ತಡೆಯನ್ನೂ ವೆಲ್ಡ್ ಮಾಡಿಸಿ, ಜಾಗ ಸಾಕಷ್ಟಿದ್ದರೆ ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯನ್ನು ಭದ್ರವಾಗಿ ಹಿಡಿಸಿ. ಎಳೆ ಉದುರುವ ಉಕ್ಕಿನ ಉಣ್ಣೆಯನ್ನು ಎಂಜಿನ್ನಿನೊಳಗೆ ಎಲ್ಲಿಯೂ ಬಳಸಕೂಡದು. ಕೊರೆಯುವ ಹಾಗೂ ವೆಲ್ಡ್ ಮಾಡುವ ಕೆಲಸವನ್ನು ಕವರ್ ಎಂಜಿನ್ನಿನ ಮೇಲಿರುವಾಗ ಎಂದಿಗೂ ಮಾಡಬೇಡಿ.

ಇನ್ನೊಂದು ಸೂಕ್ಷ್ಮವಿದೆ. ಟ್ಯಾಪೆಟ್ ಕವರಿನಿಂದ ಮಾತ್ರ ಅನಿಲ ಹೊರಡುವ ಎಂಜಿನ್ನಿನಲ್ಲಿ ಬ್ಲೋಬೈ ಮೇಲೇರಲು ಬಳಸುವ ದಾರಿಯೂ, ಸಿಲಿಂಡರ್ ಹೆಡ್ಡಿನಿಂದ ಆಯಿಲ್ ಕೆಳಗಿಳಿಯುವ ದಾರಿಯೂ ಬಹುತೇಕ ಒಂದೇ. ಅನಿಲದ ವೇಗ ಹೆಚ್ಚಾದಂತೆ ಅದು ಇಳಿಯುವ ಆಯಿಲನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ, ಹೆಡ್ಡಿನಲ್ಲಿ ಆಯಿಲ್ ನಿಂತಷ್ಟೂ ಬ್ರೀದರಿಗೆ ಹೆಚ್ಚು ಆಯಿಲ್ ಸೇರುತ್ತದೆ. 0.7 ಬಾರ್ ಒಳಗಿನ ಬೂಸ್ಟಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಬ್ಲಾಕಿನಲ್ಲಿ ಬಳಕೆಯಿಲ್ಲದೆ ಮುಚ್ಚಿಟ್ಟ ರಂಧ್ರವೊಂದಿದ್ದು, ಅದು ಆಯಿಲಿನ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೆ, ಅಲ್ಲಿಂದಲೂ ಒಂದು ಹೋಸ್ ತೆಗೆದು ಕ್ಯಾಚ್ ಕ್ಯಾನಿಗೆ ಸೇರಿಸುವುದು ಒಳ್ಳೆಯದು.

ಪಿಸಿವಿ ವಾಲ್ವ್ ಮತ್ತು ಚೆಕ್ ವಾಲ್ವ್

ಪಿಸಿವಿ ವಾಲ್ವಿನೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಮೊಳೆಯಾಕಾರದ ತುಂಡು ಇರುತ್ತದೆ. ಮ್ಯಾನಿಫೋಲ್ಡ್ ಬಲವಾಗಿ ಎಳೆಯುವ ಐಡ್ಲಿಂಗಿನಲ್ಲಿ ಆ ತುಂಡು ಸ್ಪ್ರಿಂಗನ್ನು ಒತ್ತಿಕೊಂಡು ಮುಂದಕ್ಕೆ ಸರಿದು ದಾರಿಯನ್ನು ಕಿರಿದು ಮಾಡುತ್ತದೆ. ಎಳೆತ ತಗ್ಗಿದಂತೆ ಹಿಂದೆ ಸರಿದು ದಾರಿಯನ್ನು ಅಗಲ ಮಾಡುತ್ತದೆ. ಮ್ಯಾನಿಫೋಲ್ಡಿನಿಂದ ಒತ್ತಡ ಎದುರು ಬಂದಾಗ ಹಿಂದಿನ ಸೀಟಿಗೆ ಅಂಟಿಕೊಂಡು ಮುಚ್ಚುತ್ತದೆ. ಈ ಮೂರೂ ಕೆಲಸಗಳು ಆಯಾ ಎಂಜಿನ್ನಿನ ಗಾತ್ರಕ್ಕೆ ಹೊಂದಿಸಿದ ಸ್ಪ್ರಿಂಗ್ ಮತ್ತು ರಂಧ್ರದಿಂದ ನಡೆಯುವುದರಿಂದ, ಅಳತೆ ಸರಿಹೋಯಿತೆಂದು ಬೇರೆ ಎಂಜಿನ್ನಿನ ವಾಲ್ವ್ ತಂದು ಹಾಕಬಾರದು. ಐಡ್ಲಿಂಗಿನ ಗಾಳಿಯಲ್ಲಿ ಒಂದು ಪಾಲು ಇದರ ಮೂಲಕವೇ ಬರುತ್ತದೆ, ವಾಲ್ವ್ ಬದಲಾದರೆ ಐಡ್ಲಿಂಗೂ ಏರುಪೇರಾಗುತ್ತದೆ.

ಟರ್ಬೊ ಇಲ್ಲದ ಎಂಜಿನ್ನಿಗೆಂದು ಮಾಡಿದ ವಾಲ್ವ್ ಎದುರೊತ್ತಡವನ್ನು ಪೂರ್ತಿ ತಡೆಯುತ್ತದೆಂದು ನಂಬಿ ಕೂರುವಂತಿಲ್ಲ. ಇಂಟೇಕಿನಲ್ಲಿ ಬ್ಯಾಕ್‌ಫೈರ್ ಆದಾಗ ಕ್ಷಣಮಾತ್ರ ಮುಚ್ಚಿಕೊಂಡರೆ ಅದರ ಹೊಣೆ ತೀರಿತು, ಬೆಟ್ಟ ಏರುವಾಗ ನಿಮಿಷಗಟ್ಟಲೆ ಬೂಸ್ಟನ್ನು ತಡೆಹಿಡಿಯುವುದು ಅದರ ಲೆಕ್ಕದಲ್ಲಿರಲಿಲ್ಲ. ಇದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ವಾಲ್ವನ್ನು ಕಳಚಿ ಅಲ್ಲಾಡಿಸಿ, ಒಳಗಿನ ತುಂಡು ಟಕಟಕ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಅದು ಜಿಡ್ಡಿನಲ್ಲಿ ಸಿಕ್ಕಿಕೊಂಡಿದೆ. ಬಳಿಕ ಮ್ಯಾನಿಫೋಲ್ಡ್ ಕಡೆಯ ತುದಿಗೆ ಒಂದು ತುಂಡು ಹೋಸ್ ಬಿಗಿದು, ಮೀಟರಿರುವ ಸೈಕಲ್ ಪಂಪಿನಿಂದ ನೀವು ಬಳಸಲಿರುವ ಬೂಸ್ಟಿನಷ್ಟೇ ಒತ್ತಡ ಕೊಟ್ಟು, ವಾಲ್ವಿನ ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ. ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಎದ್ದರೆ ಚಿಂತೆಯಿಲ್ಲ. ಸಾಲುಸಾಲಾಗಿ ಗುಳ್ಳೆ ಏಳುತ್ತಿದ್ದು ಪಂಪಿನ ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ, ಬೂಸ್ಟ್ ಅದೇ ದಾರಿಯಲ್ಲಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಬಹಳಷ್ಟು ವಾಲ್ವುಗಳು ಸಾಲುಗುಳ್ಳೆಯ ಗುಂಪಿಗೇ ಸೇರುತ್ತವೆ. ಪರೀಕ್ಷೆಯ ನಂತರ ವಾಲ್ವನ್ನು ಚೆನ್ನಾಗಿ ಒಣಗಿಸುವುದನ್ನು ಮರೆಯಬೇಡಿ.

ಇದಕ್ಕೆ ಪರಿಹಾರ ಪಿಸಿವಿಯ ಜೊತೆಗೆ, ಹರಿವನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ಸೇರಿಸುವುದು. ಪಿಸಿವಿಯನ್ನು ತೆಗೆದುಹಾಕಿ ಬರೀ ಚೆಕ್ ವಾಲ್ವ್ ಇಡಕೂಡದು, ಏಕೆಂದರೆ ಚೆಕ್ ವಾಲ್ವಿಗೆ ಹರಿವನ್ನು ಅಳೆದು ಬಿಡುವ ಗುಣವಿಲ್ಲ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಪೂರ್ತಿ ಎಳೆತ ಕ್ರ್ಯಾಂಕ್‌ಕೇಸಿನ ಮೇಲೆ ಬಿದ್ದು, ಸೀಲುಗಳು ಸಿಳ್ಳೆ ಹೊಡೆಯುವುದೂ ಆಯಿಲ್ ಧಾರೆಯಾಗಿ ಇಂಟೇಕಿಗೆ ಹೋಗುವುದೂ ಆಗುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಇರಿಸಬೇಕು. ಪೆಟ್ರೋಲ್ ಹಾಗೂ ಆಯಿಲಿನ ಆವಿಯನ್ನು ತಾಳಿಕೊಳ್ಳುವ, ಕಡಿಮೆ ಎಳೆತಕ್ಕೇ ತೆರೆಯುವ ಚೆಕ್ ವಾಲ್ವ್ ಆರಿಸಿ, ಕೊಳ್ಳುವಾಗ ಅದನ್ನೂ ಮೇಲಿನಂತೆ ನೀರಿನಲ್ಲಿ ಪರೀಕ್ಷಿಸಿ.

ಚೆಕ್ ವಾಲ್ವ್ ಇಡುವ ಸ್ಥಳದ ಬಗ್ಗೆ ಎಚ್ಚರವಿರಲಿ. ಪಿಸಿವಿ ಸಾಲಿನಲ್ಲಿ ಕ್ಯಾಚ್ ಕ್ಯಾನ್ ಇದ್ದರೆ, ಚೆಕ್ ವಾಲ್ವ್ ಕ್ಯಾನಿಗೂ ಮ್ಯಾನಿಫೋಲ್ಡಿಗೂ ನಡುವೆ, ಆದಷ್ಟು ಮ್ಯಾನಿಫೋಲ್ಡಿನ ಹತ್ತಿರ ಇರಬೇಕು. ಎಂಜಿನ್ ಮತ್ತು ಕ್ಯಾನಿನ ನಡುವೆ ಇಟ್ಟರೆ ಪ್ರತಿ ಬಾರಿಯೂ ಕ್ಯಾನ್ ಬೂಸ್ಟಿನಿಂದ ತುಂಬಿಕೊಳ್ಳುತ್ತದೆ, ಅಷ್ಟು ಒತ್ತಡಕ್ಕೆ ಮಾಡದ ಕ್ಯಾನಿನ ಮುಚ್ಚಳ ಸೋರತೊಡಗಿ ಬೂಸ್ಟಿನ ಗಾಳಿಯೂ ವ್ಯರ್ಥವಾಗುತ್ತದೆ.

ಬೂಸ್ಟಿನ ಹೊತ್ತಿನ ದಾರಿ

ಬೂಸ್ಟಿನಲ್ಲಿ ಅನಿಲವನ್ನು ಎಳೆಯುವ ಶಕ್ತಿ ಇರುವ ಒಂದೇ ಜಾಗ ಏರ್ ಫಿಲ್ಟರಿಗೂ ಟರ್ಬೊವಿನ ಕಂಪ್ರೆಸರಿಗೂ ನಡುವಿನ ಪೈಪು. ಅಲ್ಲಿನ ಎಳೆತ ಮ್ಯಾನಿಫೋಲ್ಡಿನ ಎಳೆತಕ್ಕೆ ಹೋಲಿಸಿದರೆ ಬಹಳ ಅಲ್ಪ, ಹೆಚ್ಚೆಂದರೆ ಕೆಲವು ಕಿಲೋಪಾಸ್ಕಲ್. ಆದ್ದರಿಂದಲೇ ಈ ಸಾಲಿನಲ್ಲಿ ಕಿರಿದಾದ ಹೋಸು, ಚೂಪಾದ ತಿರುವು, ಬಿಗಿಯಾಗಿ ಜಾಲರಿ ತುರುಕಿದ ಕ್ಯಾನು ಯಾವುದೂ ಸಲ್ಲದು. ಪಿಸಿವಿ ಸಾಲಿಗೆ ಕಂಪನಿಯ ಮೂಲ ಅಳತೆಯ ಹೋಸ್ ಸಾಕು, ಬ್ರೀದರ್ ಸಾಲಿಗೆ ಮಾತ್ರ ಒಳವ್ಯಾಸ 16ರಿಂದ 19 ಮಿಲಿಮೀಟರ್ ಇರುವ ಹೋಸನ್ನೇ ಹಾಕಿ.

ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಬ್ರೀದರ್ ಸೇರುವ ಜಾಗ ಸೆನ್ಸರಿನ ನಂತರವೇ ಇರಬೇಕು. ಸೆನ್ಸರಿಗಿಂತ ಮುಂಚೆ ಸೇರಿಸಿದರೆ ಆಯಿಲಿನ ಆವಿ ಅದರ ಸೂಕ್ಷ್ಮ ತಂತಿಗೆ ಅಂಟಿ ಅಳತೆ ತಪ್ಪುತ್ತದೆ. ಪೈಪಿಗೆ ಕೂರಿಸುವ ನಿಪ್ಪಲ್ ಗಾಳಿಯ ಹರಿವಿನ ದಿಕ್ಕಿಗೆ ಓರೆಯಾಗಿರಲಿ. ಅದರ ತುದಿ ಪೈಪಿನೊಳಗೆ ಚಾಚಿದ್ದರೆ ಕಂಪ್ರೆಸರಿನ ಕಡೆಗೆ ಬಾಯಿ ತೆರೆದಂತೆ ಓರೆಯಾಗಿ ಕತ್ತರಿಸಿ. ಬಾಯಿ ಏರ್ ಫಿಲ್ಟರಿನತ್ತ ತಿರುಗಿದ್ದರೆ ಬರುವ ಗಾಳಿ ಅದರೊಳಗೆ ನುಗ್ಗಿ, ಎಳೆಯಬೇಕಾದದ್ದು ತಳ್ಳುತ್ತದೆ. ವೆಲ್ಡಿಂಗಿನ ಕಿಟ್ಟ ಮತ್ತು ಲೋಹದ ಚೂರುಗಳನ್ನು ಪೈಪಿನ ಒಳಗಿನಿಂದ ಉಗುರಿಗೆ ತಾಗದಷ್ಟು ನಯವಾಗಿ ತೆಗೆಯದೆ ಜೋಡಿಸಬೇಡಿ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಕಂಪ್ರೆಸರ್ ಚಕ್ರಕ್ಕೆ ಅಕ್ಕಿಯ ನುಚ್ಚಿನಷ್ಟು ಲೋಹವೂ ಮಾರಕ.

ಬ್ರೀದರಿನ ಬಾಯಿಗೆ ಪುಟ್ಟ ಫಿಲ್ಟರೊಂದನ್ನು ಸಿಕ್ಕಿಸಿ ಗಾಳಿಗೆ ಬಿಟ್ಟರೆ ಸಾಲದೆ ಎಂದು ಹಲವರು ಕೇಳುತ್ತಾರೆ. ಸಾಲದು. ಎಳೆತವಿಲ್ಲದೆ ಅನಿಲ ತನ್ನದೇ ಒತ್ತಡದಿಂದ ಹೊರಬರಬೇಕಾಗುತ್ತದೆ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇದ್ದೇ ಇರುತ್ತದೆ. ಪಿಸಿವಿ ಹಾಗೇ ಉಳಿದಿದ್ದರೆ ಆ ಫಿಲ್ಟರಿನ ಮೂಲಕ ಸೆನ್ಸರ್ ಅಳೆಯದ ಗಾಳಿ ಎಂಜಿನ್ ಸೇರಿ ಇಂಧನದ ಮಿಶ್ರಣ ಕೆಡುತ್ತದೆ. ಎಂಜಿನ್ ಕೊಠಡಿಯ ತುಂಬ ಆಯಿಲಿನ ಜಿಡ್ಡು ಹರಡುತ್ತದೆ, ಆ ಹೊಗೆ ಹೀಟರಿನ ಗಾಳಿಯೊಡನೆ ಕಾರಿನೊಳಗೂ ಬರುತ್ತದೆ. ಮೇಲಾಗಿ ರಸ್ತೆಯ ವಾಹನಗಳಲ್ಲಿ ಹೀಗೆ ಮಾಡುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಎಕ್ಸಾಸ್ಟ್ ಪೈಪಿಗೆ ಓರೆ ಕೊಳವೆ ಬೆಸೆದು ಅದರಿಂದ ಎಳೆಸುವ ಪದ್ಧತಿಯೂ ರಸ್ತೆಯ ಕಾರಿಗೆ ಹೊಂದುವುದಿಲ್ಲ. ಸೈಲೆನ್ಸರಿನ ಹಿಂದೊತ್ತಡ ಅಲ್ಲಿ ಎಳೆತ ಉಂಟಾಗಲು ಬಿಡುವುದಿಲ್ಲ, ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಕ್ಯಾಚ್ ಕ್ಯಾನ್ ಮತ್ತು ಹೋಸುಗಳು

ಇಂಟೇಕಿಗೆ ಮರಳುವ ಅನಿಲದಲ್ಲಿ ಆಯಿಲಿನ ಮಂಜು ಇದ್ದರೆ ಅದು ಇಂಟರ್‌ಕೂಲರಿನ ಒಳಗೋಡೆಗೆ ಲೇಪವಾಗಿ ಗಾಳಿ ತಣಿಯುವುದನ್ನು ಕುಗ್ಗಿಸುತ್ತದೆ, ಸಿಲಿಂಡರಿನಲ್ಲಿ ಪೆಟ್ರೋಲಿನ ಆಕ್ಟೇನ್ ಗುಣವನ್ನು ತಗ್ಗಿಸಿ ನಾಕಿಂಗಿಗೆ, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ, ದಾರಿಮಾಡುತ್ತದೆ. ಸಿಲಿಂಡರಿನೊಳಕ್ಕೇ ಇಂಧನ ಸಿಂಪಡಿಸುವ ಎಂಜಿನ್ನುಗಳಲ್ಲಿ ಇಂಟೇಕ್ ವಾಲ್ವುಗಳನ್ನು ತೊಳೆಯಲು ಪೆಟ್ರೋಲ್ ಹರಿಯದ ಕಾರಣ ಅಲ್ಲಿ ಇಂಗಾಲದ ಹೆಪ್ಪು ಕಟ್ಟುತ್ತದೆ. ಇದನ್ನು ತಡೆಯಲು ದಾರಿಯ ನಡುವೆ ಆಯಿಲನ್ನು ಬೇರ್ಪಡಿಸುವ ಡಬ್ಬಿಯೇ ಕ್ಯಾಚ್ ಕ್ಯಾನ್. ಒಳಗೆ ಏನೂ ಇಲ್ಲದ ಬರಿಯ ಡಬ್ಬಿಯಲ್ಲಿ ಅನಿಲ ಒಂದು ಬಾಯಿಂದ ಹೊಕ್ಕು ಇನ್ನೊಂದು ಬಾಯಿಂದ ಹಾಗೇ ಹೊರಟುಹೋಗುತ್ತದೆ. ಒಳಬಾಯಿಯ ಕೊಳವೆ ಕೆಳಗಿನವರೆಗೆ ಇಳಿದು, ಅನಿಲ ಅಲ್ಲಿ ದಿಕ್ಕು ಬದಲಿಸಿ ತಗಡಿನ ತಡೆಗಳನ್ನೂ ಜಾಲರಿಯನ್ನೂ ದಾಟಿ ಮೇಲಿನ ಹೊರಬಾಯಿಗೆ ಬರುವಂತಿರಬೇಕು. ಸಂಗ್ರಹವಾದ ಆಯಿಲನ್ನು ಮತ್ತೆ ಅನಿಲ ಕಲಕದಂತೆ ಕೆಳಭಾಗದಲ್ಲಿ ಅಡ್ಡ ತಗಡಿರಬೇಕು. ಅರ್ಧ ಲೀಟರಿನಷ್ಟು ಹಿಡಿಯುವ, ಅಡಿಯಲ್ಲಿ ಬಸಿಯುವ ನಲ್ಲಿಯಿರುವ ಕ್ಯಾನ್ ಇಂಥ ಎಂಜಿನ್ನಿಗೆ ಯಥೇಷ್ಟ.

ಎರಡು ಸಾಲಿಗೂ ಒಂದೇ ಕ್ಯಾನ್ ಇಟ್ಟು, ಅದರಿಂದ ಮ್ಯಾನಿಫೋಲ್ಡಿಗೊಂದು, ಟರ್ಬೊವಿನ ಬಾಯಿಗೊಂದು ಹೋಸನ್ನು ಎರಡು ಚೆಕ್ ವಾಲ್ವುಗಳ ಮೂಲಕ ಒಯ್ಯುವ ಪದ್ಧತಿ ಜನಪ್ರಿಯವಾಗಿದೆ. ಅದರಲ್ಲಿ ಎಳೆತ ಎರಡೂ ಸ್ಥಿತಿಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ, ಆದರೆ ಕ್ರ್ಯಾಂಕ್‌ಕೇಸಿಗೆ ಹೊಸ ಗಾಳಿ ಬರುವ ದಾರಿ ಇಲ್ಲವಾಗುತ್ತದೆ. ನೀರಾವಿ ಮತ್ತು ಪೆಟ್ರೋಲಿನ ಆವಿಯನ್ನು ಹೊತ್ತೊಯ್ಯುವುದು ಆ ಹೊಸ ಗಾಳಿಯೇ. ಕಡಿಮೆ ದೂರ ಓಡುವ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುವ ಕಾರಿನಲ್ಲಿ ಆಯಿಲ್ ಮುಚ್ಚಳದ ಒಳಮೈಗೆ ಬಿಳಿಯ ನೊರೆಯಂಥ ಜಿಡ್ಡು ಕಟ್ಟುವುದನ್ನು ನೀವು ನೋಡಿರಬಹುದು. ಹೊಸ ಗಾಳಿ ನಿಂತರೆ ಅದು ಇನ್ನೂ ಹೆಚ್ಚುತ್ತದೆ. ರಸ್ತೆಯ ಕಾರಿಗೆ ಪಿಸಿವಿ ಸಾಲಿಗೊಂದು, ಬ್ರೀದರ್ ಸಾಲಿಗೊಂದು ಪ್ರತ್ಯೇಕ ಕ್ಯಾನ್ ಇಡುವುದೇ ನನ್ನ ಆಯ್ಕೆ. ಬ್ರೀದರ್ ಸಾಲಿನದು ದೊಡ್ಡ ಬಾಯಿಯ, ಸಡಿಲವಾದ ಜಾಲರಿಯ ಕ್ಯಾನ್ ಆಗಿರಲಿ. ಹರಿವು ಅಲ್ಲಿ ಎರಡು ದಿಕ್ಕಿಗೂ ನಡೆಯುವುದರಿಂದ ಅದರಲ್ಲಿ ಚೆಕ್ ವಾಲ್ವ್ ಇಡಬಾರದು.

ಕ್ಯಾನನ್ನು ಎಕ್ಸಾಸ್ಟಿನಿಂದ ದೂರ, ಗಾಳಿ ಆಡುವ ತಂಪಾದ ಜಾಗದಲ್ಲಿ ಕೂರಿಸಿದರೆ ಆವಿ ಬೇಗ ಹನಿಯಾಗುತ್ತದೆ. ಆದರೆ ಹಿಮ ಬೀಳುವಷ್ಟು ಚಳಿಯಿರುವ ಪ್ರದೇಶದಲ್ಲಿ ಇದೇ ಅಪಾಯ. ಕ್ಯಾನಿನಲ್ಲೋ ಹೋಸಿನಲ್ಲೋ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಒತ್ತಡ ಸೀಲುಗಳನ್ನು ಕಿತ್ತೊಗೆಯುತ್ತದೆ. ಅಂಥಲ್ಲಿ ಕ್ಯಾನನ್ನು ಎಂಜಿನ್ನಿನ ಹತ್ತಿರಕ್ಕೆ ತಂದು ಹೋಸುಗಳಿಗೆ ಬಟ್ಟೆಯ ಹೊದಿಕೆ ಸುತ್ತಬೇಕು. ಕ್ಯಾನಿನ ಆಯಿಲನ್ನು ಕೊಳವೆಯ ಮೂಲಕ ಮತ್ತೆ ಆಯಿಲ್ ಚೇಂಬರಿಗೆ ಬಿಡುವುದು ಅನುಕೂಲವೆನಿಸಿದರೂ, ಅದರಲ್ಲಿ ಬೆರೆತ ನೀರೂ ಪೆಟ್ರೋಲೂ ಜೊತೆಗೇ ಹೋಗುತ್ತವೆ. ಕೈಯಿಂದ ಬಸಿದು ತೆಗೆಯುವುದೇ ಮೇಲು.

ಹೋಸುಗಳ ಆಯ್ಕೆಯಲ್ಲಿ ಹೀಟರ್ ಹೋಸ್ ಬಳಸುವ ಆಸೆಗೆ ಬೀಳಬೇಡಿ. ಆಯಿಲ್ ತಾಗಿದರೆ ಅದರ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಪಿಸಿವಿ ಸಾಲಿನ ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ನೈಟ್ರೈಲ್ ಅಥವಾ ಫ್ಲೋರೊರಬ್ಬರ್ ಒಳಪದರವಿರುವ, ನೂಲಿನ ಹೆಣಿಗೆಯಿಂದ ಗಟ್ಟಿಮಾಡಿದ ಆಯಿಲ್ ಹೋಸನ್ನೇ ಕೊಳ್ಳಿ. ಎಂಜಿನ್ನಿನಿಂದ ಕ್ಯಾನಿನವರೆಗೆ ಹೋಸಿನಲ್ಲಿ ತಗ್ಗು ಬೀಳದಂತೆ ಒಂದೇ ಇಳಿಜಾರು ಇರಲಿ, ತಗ್ಗಿನಲ್ಲಿ ಆಯಿಲ್ ನಿಂತರೆ ಅದೇ ಅಡ್ಡಗಟ್ಟೆಯಾಗುತ್ತದೆ. ಮ್ಯಾನಿಫೋಲ್ಡಿನಿಂದ ಚೆಕ್ ವಾಲ್ವಿನವರೆಗಿನ ತುಂಡು ಬೂಸ್ಟನ್ನು ತಡೆಯಬೇಕಾದ್ದರಿಂದ ಅದರ ಎರಡೂ ತುದಿಗೆ ಸ್ಕ್ರೂ ಇರುವ ಕ್ಲಿಪ್ಪುಗಳನ್ನೇ ಹಾಕಿ ಬಿಗಿಯಿರಿ.

ಟರ್ಬೊವಿನ ಆಯಿಲ್ ಇಳಿಯುವ ಕೊಳವೆ

ಇದು ವೆಂಟಿಲೇಷನ್ನಿಗೆ ಸೇರದ ಸಂಗತಿಯಂತೆ ಕಂಡರೂ ಇವೆರಡನ್ನೂ ಬೇರ್ಪಡಿಸಲಾಗದು. ಟರ್ಬೊವಿನ ಬೇರಿಂಗಿಗೆ ಆಯಿಲ್ ಒತ್ತಡದಿಂದ ಬರುತ್ತದೆ, ಆದರೆ ಹಿಂದಿರುಗುವುದು ಬರಿಯ ತನ್ನ ಭಾರದಿಂದ. ಆಯಿಲ್ ಚೇಂಬರಿನಲ್ಲಿ ಒತ್ತಡ ಏರಿದರೆ ಇಳಿಯುವ ಆಯಿಲ್ ಅಲ್ಲಿಯೇ ನಿಂತು, ಟರ್ಬೊವಿನ ಎರಡು ತುದಿಗಳ ಸೀಲುಗಳನ್ನು ದಾಟಿ ಇಂಟೇಕಿಗೂ ಎಕ್ಸಾಸ್ಟಿಗೂ ಸೋರುತ್ತದೆ. ಮೊದಲು ಹೇಳಿದ ನೀಲಿ ಹೊಗೆಯ ಮೂಲ ಬಹಳಷ್ಟು ಸಲ ಇದೇ. ಇಳಿಯುವ ಕೊಳವೆಯ ಒಳವ್ಯಾಸ 12ರಿಂದ 19 ಮಿಲಿಮೀಟರಿನಷ್ಟಿರಲಿ. ಟರ್ಬೊವಿನ ಆಯಿಲ್ ಹೊರಬಾಯಿ ನೇರ ಕೆಳಗಿನ ದಿಕ್ಕಿನಿಂದ 35 ಡಿಗ್ರಿಗಿಂತ ಹೆಚ್ಚು ವಾಲಿರಬಾರದು. ಕೊಳವೆ ಎಲ್ಲಿಯೂ ಮೇಲಕ್ಕೇರದೆ, ಚೇಂಬರಿನಲ್ಲಿ ಆಯಿಲಿನ ಮಟ್ಟಕ್ಕಿಂತ ಮೇಲೆ ಸೇರಬೇಕು.

ಅಳೆದು ನೋಡುವ ಬಗೆ

ಎಲ್ಲವನ್ನೂ ಜೋಡಿಸಿದ ಮೇಲೆ ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಅದರ ಬಾಯಿಗೆ ಒಂದು ತೆಳ್ಳನೆಯ ಕಾಗದ ಇಡಿ. ಕಾಗದ ಮೆಲ್ಲಗೆ ಕಚ್ಚಿಕೊಳ್ಳಬೇಕು. ಹಾರಿಹೋದರೆ ಪಿಸಿವಿ ಸಾಲು ಕಟ್ಟಿದೆ ಅಥವಾ ಬ್ಲೋಬೈ ವಿಪರೀತವಾಗಿದೆ. ಇದು ಮೊದಲ ಅಂದಾಜು ಮಾತ್ರ, ಸಮಾಧಾನಪಡಲು ಅಳತೆ ಬೇಕು.

ಎರಡು ಮೀಟರ್ ಉದ್ದದ ಪಾರದರ್ಶಕ ಕೊಳವೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಕಟ್ಟಿ, ಬಣ್ಣದ ನೀರು ಅರ್ಧಕ್ಕೆ ತುಂಬಿ. ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದಂತೆ ಸೇರಿಸಿ, ಇನ್ನೊಂದು ತೆರೆದಿರಲಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 102 ಮಿಲಿಮೀಟರ್ ವ್ಯತ್ಯಾಸ ಬಂದರೆ ಅದು 1 ಕಿಲೋಪಾಸ್ಕಲ್. ಎಳೆತ ಜೋರಾಗಿದ್ದರೆ ನೀರು ಎಂಜಿನ್ನಿನೊಳಗೆ ಹೋಗಿಬಿಡಬಹುದು, ಆದಕಾರಣ ಎಂಜಿನ್ನಿಗೂ ಈ ಕೊಳವೆಗೂ ನಡುವೆ ಮುಚ್ಚಳದಲ್ಲಿ ಎರಡು ರಂಧ್ರವಿರುವ ಖಾಲಿ ಬಾಟಲಿಯನ್ನು ಇಡಲೇಬೇಕು. ಐಡ್ಲಿಂಗಿನಲ್ಲಿ ಡಿಪ್‌ಸ್ಟಿಕ್ ಕಡೆಯ ನೀರು ಮೇಲೇರಿ ವ್ಯತ್ಯಾಸ 50ರಿಂದ 250 ಮಿಲಿಮೀಟರ್ ನಡುವೆ ನಿಂತರೆ ಒಳ್ಳೆಯ ಲಕ್ಷಣ.

ಬೂಸ್ಟಿನ ಅಳತೆಯನ್ನು ಓಡುವ ಕಾರಿನಲ್ಲೇ ತೆಗೆಯಬೇಕು. ಅದಕ್ಕೆ ನೀರಿನ ಕೊಳವೆಗಿಂತ, ಟರ್ಬೊ ಇಲ್ಲದ ಎಂಜಿನ್ನಿನಿಂದ ತೆಗೆದ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಅನುಕೂಲ. ಅದನ್ನು ಡಿಪ್‌ಸ್ಟಿಕ್ ಕೊಳವೆಗೆ ಸೇರಿಸಿ, ಎಂಜಿನ್ ನಿಲ್ಲಿಸಿದಾಗಿನ ಓದನ್ನು ಆ ದಿನದ ವಾತಾವರಣದ ಒತ್ತಡವೆಂದು ಗುರುತಿಸಿಕೊಂಡು, ವಾಹನ ಸಂಚಾರವಿಲ್ಲದ ಸುರಕ್ಷಿತ ಜಾಗದಲ್ಲಿ ಮೂರನೆಯ ಗೇರಿನಲ್ಲಿ ಪೂರ್ಣ ಬೂಸ್ಟಿನವರೆಗೆ ಓಡಿಸಿ ದಾಖಲಿಸಿ. ಓದುವ ಕೆಲಸ ಪಕ್ಕದಲ್ಲಿ ಕುಳಿತವರದು, ಓಡಿಸುವವರದಲ್ಲ. ಓದು ವಾತಾವರಣದ ಮಟ್ಟದಲ್ಲೋ ಅದಕ್ಕಿಂತ ತುಸು ಕೆಳಗೋ ಇದ್ದರೆ ಕೆಲಸ ಉತ್ತಮವಾಗಿದೆ. 1 ಕಿಲೋಪಾಸ್ಕಲ್‌ವರೆಗೆ ಏರಿದರೂ ನಾನು ಒಪ್ಪಿಕೊಳ್ಳುತ್ತೇನೆ. 2 ದಾಟಿದರೆ ಮಾತ್ರ ಕಾರಣ ಹುಡುಕಲೇಬೇಕು. ಆಗ ಪಿಸಿವಿ ಸಾಲನ್ನು ಮ್ಯಾನಿಫೋಲ್ಡಿನ ಬಳಿ ತಾತ್ಕಾಲಿಕವಾಗಿ ಮುಚ್ಚಿ ಅದೇ ಓಟವನ್ನು ಮತ್ತೆ ಮಾಡಿ. ಒತ್ತಡ ಇಳಿದುಹೋದರೆ ಚೆಕ್ ವಾಲ್ವ್ ಸೋರುತ್ತಿದೆ ಎಂದರ್ಥ. ಇಳಿಯದಿದ್ದರೆ ಬ್ರೀದರ್ ಸಾಲು ಕಿರಿದಾಗಿದೆ ಅಥವಾ ರಿಂಗುಗಳು ಸವೆದಿವೆ, ಬ್ರೀದರ್ ಕ್ಯಾನಿನ ಜಾಲರಿ ತೆಗೆದು ಇನ್ನೊಮ್ಮೆ ಓಡಿಸಿದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ಸೋರಿಕೆ ಹುಡುಕಲು ಗ್ಯಾರೇಜಿನ ಏರ್ ಕಂಪ್ರೆಸರಿನಿಂದ ಕ್ರ್ಯಾಂಕ್‌ಕೇಸಿಗೆ ನೇರವಾಗಿ ಗಾಳಿ ತುಂಬಿಸುವುದು ಅಪಾಯಕರ, ಕ್ಷಣಾರ್ಧದಲ್ಲಿ ಸೀಲುಗಳು ಕಳಚಿಕೊಳ್ಳುತ್ತವೆ.

ಆರಂಭದ ದಿನಗಳಲ್ಲಿ 500 ಕಿಲೋಮೀಟರಿಗೊಮ್ಮೆ ಕ್ಯಾನುಗಳನ್ನು ಬಸಿದು, ಬಂದದ್ದನ್ನು ಗಾಜಿನ ಲೋಟದಲ್ಲಿ ಒಂದು ರಾತ್ರಿ ಇಡಿ. ನೀರು ಕೆಳಗೆ, ಆಯಿಲ್ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಎರಡರ ಪ್ರಮಾಣವನ್ನೂ ಓಡಿಸಿದ ದೂರವನ್ನೂ ಬರೆದಿಡಿ. ನೀರು ಹೆಚ್ಚಿದ್ದರೆ ಅದು ಚಳಿಗಾಲದ ಅಥವಾ ಕಡಿಮೆ ದೂರದ ಓಡಾಟದ ಫಲ, ಕ್ಯಾನ್ ಬಸಿಯುವ ಅಂತರವನ್ನು ಕಡಿಮೆ ಮಾಡಿದರೆ ಸಾಕು. ಆಯಿಲ್ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಹೋದರೆ ಮೊದಲು ಬ್ಯಾಫಲಿನ ರಂಧ್ರಗಳನ್ನೂ, ಅನಂತರ ಲೀಕ್‌ಡೌನ್ ಪರೀಕ್ಷೆಯ ಹಳೆಯ ಅಂಕಿಗಳನ್ನೂ ಮತ್ತೆ ನೋಡಿ. ಪಿಸಿವಿ ಮತ್ತು ಚೆಕ್ ವಾಲ್ವುಗಳ ಗುಳ್ಳೆ ಪರೀಕ್ಷೆಯನ್ನು ಪ್ರತಿ ಎರಡನೆಯ ಆಯಿಲ್ ಬದಲಾವಣೆಯ ಜೊತೆಗೆ ಇಟ್ಟುಕೊಳ್ಳಿ. ಬಸಿದ ಆಯಿಲನ್ನು ಎಂಜಿನ್ನಿಗೆ ಮರಳಿ ಸುರಿಯದೆ, ಹಳೆಯ ಎಂಜಿನ್ ಆಯಿಲಿನೊಡನೆ ಸೇರಿಸಿ ವಿಲೇವಾರಿ ಮಾಡಿ.